ಬಳ್ಳಾರಿ ಅಂಗಡಿಗಳ ಕಾರ್ಟೂನ್ ಮಾಲು: ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ

ಮೇ ಕೊನೆಯ ವಾರ ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲೋ ಬ್ರೂಸ್‌ಪೇಟೆ ಕಡೆಯೋ ಯಾವ ಬ್ಯಾಗಿನ ಅಂಗಡಿ ಹೊಕ್ಕರೂ ಮೇಲಿನಿಂದ ತೂಗಾಡುವ ಮುಖಗಳು ನಾಲ್ಕೈದೇ. 'ಫ್ರೋಜನ್' ಸಿನಿಮಾದ ನೀಲಿ ಗೌನಿನ ಎಲ್ಸಾ, ಹಳದಿ ಮಿನಿಯನ್, 'ಕಾರ್ಸ್' ಸಿನಿಮಾದ ಕಣ್ಣು ಬಿಡುವ ಕೆಂಪು ಕಾರು, ಕೇಸರಿ ಧೋತರದ ಛೋಟಾ ಭೀಮ್. ಎಲ್ಸಾ ಮೊದಲು ಪರದೆಗೆ ಬಂದದ್ದು 2013ರಲ್ಲಿ, ಮಿನಿಯನ್‌ಗಳು 2010ರಲ್ಲಿ, ಕೆಂಪು ಕಾರು 2006ರಲ್ಲಿ. ಭೀಮ್ ಪೋಗೋ ಚಾನೆಲ್‌ನಲ್ಲಿ ಲಾಡು ತಿನ್ನಲು ಶುರು ಮಾಡಿದ್ದು 2008ರಲ್ಲಿ. ಈಗ ಒಂದನೇ ತರಗತಿಗೆ ಸೇರುವ ಮಗು ಇವುಗಳ ಪೈಕಿ ಒಂದರ ಬಿಡುಗಡೆಯ ಹೊತ್ತಿಗೂ ಹುಟ್ಟಿರಲಿಲ್ಲ.

ಇನ್ನೊಂದು ಕಡೆ, 2025ರ ಜುಲೈ 25ಕ್ಕೆ ಬಂದ 'ಮಹಾವತಾರ್ ನರಸಿಂಹ' ಮೊದಲ ದಿನ ದೇಶದಲ್ಲಿ ಎರಡು ಕೋಟಿಗಿಂತ ಕಡಿಮೆ ನಿವ್ವಳ ಗಳಿಸಿ, ಬಾಯಿಂದ ಬಾಯಿಗೆ ಸುದ್ದಿ ಹರಡಿ, ವಾರಗಟ್ಟಲೆ ಓಡಿ, ಜಗತ್ತಿನಾದ್ಯಂತ ಒಟ್ಟು ಗಳಿಕೆಯಲ್ಲಿ 300 ಕೋಟಿ ದಾಟಿತು. ಭಾರತದಲ್ಲಿ ತಯಾರಾದ ಅನಿಮೇಶನ್ ಚಿತ್ರಗಳಲ್ಲಿ ಅತಿ ಹೆಚ್ಚು ಗಳಿಸಿದ್ದು ಅದೇ. ಅರ್ಪಿಸಿದವರು ನಮ್ಮ ಬೆಂಗಳೂರಿನ ಹೊಂಬಾಳೆ, ಕನ್ನಡದಲ್ಲೂ ತೆಲುಗಿನಲ್ಲೂ ಬಂತು. ಬಳ್ಳಾರಿಗೆ ಇದಕ್ಕಿಂತ ಹದವಾದ ಮಕ್ಕಳ ಸಿನಿಮಾ ಬೇಕೆ? ಆದರೆ ಅದರ ಬ್ಯಾಗು ತೋರಿಸಿ ಎಂದರೆ ಸಾಹುಕಾರರು ಕ್ಯಾಲೆಂಡರಿನ ಲಕ್ಷ್ಮೀನರಸಿಂಹನ ಕಡೆ ಕೈ ತೋರಿಸುತ್ತಾರೆ. ಸಿಗುವುದೆಲ್ಲ ಟಿ ಶರ್ಟು, ಅದೂ ಊರಲ್ಲೇ ಪ್ರಿಂಟ್ ಹಾಕಿದ್ದು.

ಅಂಗಡಿಯಲ್ಲಿ ಏನು ಸಿಗುತ್ತದೆ ಎಂಬುದನ್ನು ಥಿಯೇಟರಿನ ಹೌಸ್‌ಫುಲ್ ಬೋರ್ಡು ತೀರ್ಮಾನಿಸುವುದಿಲ್ಲ. ಎರಡರ ಗಡಿಯಾರವೇ ಬೇರೆ. ಪರವಾನಗಿಯ ಬ್ಯಾಗು ಅಂಗಡಿಗೆ ಬರಬೇಕಾದರೆ ಮೊದಲು ಸ್ಟುಡಿಯೋ ಜತೆ ಒಪ್ಪಂದ ಆಗಬೇಕು, ಕನಿಷ್ಠ ಇಂತಿಷ್ಟು ರಾಯಲ್ಟಿ (ಪಾತ್ರ ಬಳಸುವುದಕ್ಕೆ ಸ್ಟುಡಿಯೋಗೆ ಕೊಡುವ ಪಾಲು) ಎಂದು ಮುಂಗಡ ಕಟ್ಟಬೇಕು. ಆಮೇಲೆ ಸ್ಟುಡಿಯೋ ಒಂದು ವಿನ್ಯಾಸದ ಕೈಪಿಡಿ ಕೊಡುತ್ತದೆ. ಪಾತ್ರ ಯಾವ ಭಂಗಿಯಲ್ಲಿ ನಿಲ್ಲಬೇಕು, ಅಂಗಿಯ ನೀಲಿ ಎಷ್ಟು ನೀಲಿ ಎಂಬುದೆಲ್ಲ ಅದರಲ್ಲಿರುತ್ತದೆ. ಅದರಂತೆ ಮಾದರಿ ಮಾಡಿ ಕಳಿಸಬೇಕು, ತಿದ್ದುಪಡಿ ಬರುತ್ತದೆ, ಮತ್ತೆ ಕಳಿಸಬೇಕು. ಗೊಂಬೆಯಾದರೆ ಅಚ್ಚು ಕೊರೆಸಬೇಕು, ಸುರಕ್ಷತೆಯ ಪರೀಕ್ಷೆ ಆಗಬೇಕು. ಒಂದರಿಂದ ಒಂದೂವರೆ ವರ್ಷ ಹೀಗೇ ಹೋಗುತ್ತದೆ. ಅಂದರೆ ಸಿನಿಮಾ ಓಡುತ್ತದೋ ಇಲ್ಲವೋ ಗೊತ್ತಾಗುವ ಮುಂಚೆಯೇ ಮಾಲಿಗೆ ಆರ್ಡರ್ ಬಿದ್ದಿರಬೇಕು. ತಪ್ಪಿದರೆ ಎರಡೂ ಕಡೆ ಏಟು. ಎಲ್ಸಾ ಇಷ್ಟು ಹಿಡಿಯುತ್ತಾಳೆಂದು ಡಿಸ್ನಿಗೇ ಅಂದಾಜಿರಲಿಲ್ಲ. 2014ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ಆ ನೀಲಿ ಗೌನಿಗೆ ಬರ ಬಿತ್ತು. ಆದರೂ ಅದೇ ವರ್ಷ ಉತ್ತರ ಅಮೆರಿಕದಲ್ಲಿ 30 ಲಕ್ಷದಷ್ಟು ಉಡುಪು ಹೋದವು. 2022ರ 'ಲೈಟ್‌ಇಯರ್'ನದು ಉಲ್ಟಾ ಕಥೆ: ಸುಮಾರು 20 ಕೋಟಿ ಡಾಲರ್ ಖರ್ಚಿನ ಸಿನಿಮಾ ಜಗತ್ತಿನಾದ್ಯಂತ 22 ಕೋಟಿ ಚಿಲ್ಲರೆಗೆ ನಿಂತಿತು, ಮಾಲು ಮಾತ್ರ ಮೊದಲೇ ಅಂಗಡಿ ಸೇರಿತ್ತು. 2025ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಕೊರಿಯಾ ಹಾಡುಗಾರ್ತಿಯರ ಚಿತ್ರ 'ಕೆ-ಪಾಪ್ ಡೀಮನ್ ಹಂಟರ್ಸ್'ಗಂತೂ ಮಕ್ಕಳು ಹುಚ್ಚೆದ್ದು ಹೋದ ಮೇಲೆ, ಅಕ್ಟೋಬರ್‌ನಲ್ಲಿ, ಮ್ಯಾಟೆಲ್ ಮತ್ತು ಹ್ಯಾಸ್‌ಬ್ರೋ ಗೊಂಬೆ ಮಾಡುತ್ತೇವೆಂದು ಸಾರಿದವು.

ನರಸಿಂಹನಿಗೆ ಇನ್ನೊಂದು ಕಾಟ ಸೇರಿತು: ನಮ್ಮ ಶಾಲೆಯ ಪಂಚಾಂಗ. ಕರ್ನಾಟಕದಲ್ಲಿ ಶಾಲೆ ಬಾಗಿಲು ತೆರೆಯುವುದು ಮೇ ಕೊನೆಗೆ, ಜೂನ್ ಮೊದಲಿಗೆ. ಬ್ಯಾಗು, ಬಾಟಲಿ, ಟಿಫಿನ್ ಡಬ್ಬಿಯ ವರ್ಷದ ವ್ಯಾಪಾರ ಬಹುಪಾಲು ಆ ಮೂರ್ನಾಲ್ಕು ವಾರದಲ್ಲೇ ಮುಗಿಯುತ್ತದೆ. ಅಂಗಡಿಯವರು ಅದಕ್ಕೆ ಮಾರ್ಚ್-ಏಪ್ರಿಲ್‌ನಲ್ಲೇ ಮಾಲು ತುಂಬಿಕೊಳ್ಳುತ್ತಾರೆ. ಜುಲೈ ಕೊನೆಯಲ್ಲಿ ಬಂದ ಚಿತ್ರಕ್ಕೆ ಆ ವರ್ಷದ ಬ್ಯಾಗಿನ ಬಂಡಿ ಆಗಲೇ ಹೊರಟುಹೋಗಿತ್ತು.

ಬಾಕ್ಸ್ ಆಫೀಸ್ ಅಂಕಿ ಓದುವಾಗಲೂ ಒಂದು ಮಾತು ನೆನಪಿಡಿ. 150 ರೂಪಾಯಿಯ ಟಿಕೆಟ್‌ನಲ್ಲಿ ಶೇ 18 ಜಿಎಸ್‌ಟಿ ಕಳೆದರೆ ಉಳಿಯುವುದು ಸುಮಾರು 127. ದೊಡ್ಡ ಮಲ್ಟಿಪ್ಲೆಕ್ಸ್‌ಗಳ ರೂಢಿಯ ಲೆಕ್ಕದಲ್ಲಿ ಮೊದಲ ವಾರ ಅದರಲ್ಲಿ ಅರ್ಧ ಹಂಚಿಕೆದಾರನಿಗೆ, ಎರಡನೇ ವಾರ ಶೇ 42.5, ಮೂರನೇ ವಾರ 37.5, ಆಮೇಲೆ 30. ಅಂದರೆ ಮೊದಲ ವಾರದ ಟಿಕೆಟ್‌ಗೆ 63 ರೂಪಾಯಿ ಬಂದರೆ ನಾಲ್ಕನೇ ವಾರದ ಅದೇ ಟಿಕೆಟ್‌ಗೆ 38. ಮೆಲ್ಲಗೆ ಹತ್ತಿ ವಾರಗಟ್ಟಲೆ ಓಡುವ ಕುಟುಂಬದ ಚಿತ್ರದಲ್ಲಿ ಥಿಯೇಟರಿನವರ ಪಾಲೇ ಬೆಳೆಯುತ್ತ ಹೋಗುತ್ತದೆ. ನಮ್ಮ ಸಿಂಗಲ್ ಸ್ಕ್ರೀನ್‌ಗಳಲ್ಲಿ ಬಾಡಿಗೆ, ಪರ್ಸೆಂಟೇಜ್ ಎಂದು ಬೇರೆ ಬೇರೆ ಒಪ್ಪಂದ. 100 ರೂಪಾಯಿಯೊಳಗಿನ ಟಿಕೆಟ್‌ಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5 ಮಾತ್ರ, ಊರಿನ ಹಳೇ ಟಾಕೀಸಿಗೆ ಅದೊಂದು ಅನುಕೂಲ.

ಈಗ ಬ್ಯಾಗಿನ ಲೆಕ್ಕ ಹಾಕಿ. 1,200 ಎಂಆರ್‌ಪಿಯ ಬ್ಯಾಗು ಹೋಲ್‌ಸೇಲಿನಲ್ಲಿ 600ಕ್ಕೆ ಹೋಯಿತು ಎನ್ನಿ. ರಾಯಲ್ಟಿ ಸಾಮಾನ್ಯವಾಗಿ ಈ ಹೋಲ್‌ಸೇಲ್ ಬೆಲೆಯ ಮೇಲೆ, ಶೇ 5ರಿಂದ 15ರ ನಡುವೆ. ಹತ್ತು ಎಂದು ಹಿಡಿದರೆ 60 ರೂಪಾಯಿ. ಒಂದು ಬ್ಯಾಗು, ಮೊದಲ ವಾರದ ಒಂದು ಟಿಕೆಟ್, ಸ್ಟುಡಿಯೋಗೆ ಹೆಚ್ಚುಕಮ್ಮಿ ಸಮ. ಬ್ಯಾಗಿಗೆ ನಾಲ್ಕನೇ ವಾರದ ಕಡಿತವಿಲ್ಲ, ಮುಂದಿನ ಜೂನ್‌ನಲ್ಲೂ ಮಾರುತ್ತದೆ. 'ಕಾರ್ಸ್' ಥಿಯೇಟರಿನಲ್ಲಿ ಗಳಿಸಿದ್ದು ಸುಮಾರು 46 ಕೋಟಿ ಡಾಲರ್. ಮುಂದಿನ ಐದು ವರ್ಷದಲ್ಲಿ ಅದರ ಸಾಮಾನುಗಳ ಚಿಲ್ಲರೆ ಮಾರಾಟ ಸಾವಿರ ಕೋಟಿ ಡಾಲರ್‌ಗೆ ಹತ್ತಿರ ಬಂದಿತ್ತು. ಬ್ರೂಸ್‌ಪೇಟೆಯಲ್ಲಿ ಕೆಂಪು ಕಾರು ಇನ್ನೂ ಇಳಿಯದಿರುವುದು ಇದಕ್ಕೇ. ಭೀಮನ ಗುಟ್ಟು ಬೇರೆ. ಅವನು ಹೈದರಾಬಾದಿನ ಗ್ರೀನ್ ಗೋಲ್ಡ್‌ನವರ ಕೂಸು, ದಿನಾ ಟಿವಿಯಲ್ಲಿ ಬರುತ್ತಾನೆ. 2012ರಲ್ಲಿ ಥಿಯೇಟರಿಗೂ ಬಂದ, ಆದರೆ ಬ್ಯಾಗು ಮಾರಿದ್ದು ಟಿವಿಯೇ.

ಇನ್ನು ಒಂದೊಂದೇ ಸಾಮಾನು.

ಶಾಲೆ ಬ್ಯಾಗು. ಅಂಗಡಿಯಲ್ಲಿ ಎರಡು ಮಾತು ಕೇಳಿಬರುತ್ತವೆ: 'ಕಂಪನಿ ಮಾಲು', 'ಲೋಕಲ್ ಮಾಲು'. ನಡುವೆ 'ಫಸ್ಟ್ ಕಾಪಿ' ಎಂಬ ಮೂರನೆಯದೂ ಉಂಟು. ಅದು ಲೋಕಲ್ ಮಾಲೇ, ಬೆಲೆ ಮಾತ್ರ ಮೇಲಿನದು. ಕಂಪನಿ ಮಾಲಿಗೆ ಬಟ್ಟೆಯ ಲೇಬಲ್ ಹೊಲಿದಿರುತ್ತದೆ. ಅದರಲ್ಲಿ ಸ್ಟುಡಿಯೋ ಹೆಸರಿನ ಹಕ್ಕುಸ್ವಾಮ್ಯದ ಸಾಲು, ಭಾರತದಲ್ಲಿ ಪರವಾನಗಿ ಪಡೆದ ಕಂಪನಿಯ ಹೆಸರು, ಎಷ್ಟೋ ಸಲ ಹೊಲೊಗ್ರಾಂ ಸ್ಟಿಕರ್ ಇರುತ್ತವೆ. ಎಂಆರ್‌ಪಿ, ತಯಾರಾದ ತಿಂಗಳು-ವರ್ಷ, ಗ್ರಾಹಕರ ದೂರಿನ ನಂಬರ್ ಕಾನೂನು ಪ್ರಕಾರವೇ ಇರಬೇಕು. ಲೋಕಲ್ ಮಾಲು ಗುರುತಿಸಲು ಲೇಬಲ್ ಬೇಕಾಗಿಲ್ಲ, ಚಿತ್ರ ನೋಡಿದರೆ ಸಾಕು. ಒಂದೇ ಬ್ಯಾಗಿನ ಮೇಲೆ ಅಮೆರಿಕದ ಎಲ್ಸಾ ಮತ್ತು ಜಪಾನಿನ ಡೋರೇಮಾನ್ ಕೈ ಕೈ ಹಿಡಿದು ನಿಂತಿದ್ದರೆ ಇಬ್ಬರ ಯಜಮಾನರಿಗೂ ಆ ಸಂಬಂಧ ಗೊತ್ತಿಲ್ಲ ಎಂದೇ ಅರ್ಥ.

ಲೋಕಲ್ ಎಂದ ಮಾತ್ರಕ್ಕೆ ಕೈಗೆ ಬಂದ ಕೂಡಲೇ ಕಿತ್ತುಹೋಗುತ್ತದೆ ಎಂದಲ್ಲ, ಕಂಪನಿ ಎಂದ ಮಾತ್ರಕ್ಕೆ ಗಟ್ಟಿ ಎಂದೂ ಅಲ್ಲ. ಬ್ಯಾಗು ಹಾಳಾಗುವುದು ಮೂರು ಜಾಗದಲ್ಲಿ. ಮೊದಲನೆಯದು, ಹೆಗಲ ಪಟ್ಟಿ ಮೇಲೆ ಕೂಡುವ ಜಾಗ. ಬ್ಯಾಗು ಒಳಮಗ್ಗುಲು ತಿರುಗಿಸಿ ನೋಡಿ. ಪಟ್ಟಿಯ ತುದಿ ಹೊಲಿಗೆಯೊಳಗೆ ಒಂದು ಇಂಚಾದರೂ ಹೊಕ್ಕಿರಬೇಕು, ಅದರ ಮೇಲೆ ದಟ್ಟ ಅಡ್ಡಹೊಲಿಗೆಯೋ ಚೌಕದೊಳಗೆ ಗುಣಿಸು ಗುರುತಿನ ಹೊಲಿಗೆಯೋ ಇರಬೇಕು. ಒಂದೇ ನೇರ ಸಾಲಿದ್ದರೆ ದಸರಾ ಹೊತ್ತಿಗೆ ಬಿಚ್ಚುತ್ತದೆ. ಎರಡನೆಯದು ಚೈನು. ದೊಡ್ಡ ಖಾನೆಗೆ 8 ಅಥವಾ 10ನೇ ನಂಬರಿನ ಚೈನು ಬೇಕು. ಸಣ್ಣ ಖಾನೆಗೆ ಹಾಕುವ 5ನೇ ನಂಬರನ್ನೇ ದೊಡ್ಡದಕ್ಕೂ ಹಾಕಿದ್ದರೆ ಪುಸ್ತಕ ತುಂಬಿದಾಗ ಹಲ್ಲು ಬಿಡುತ್ತದೆ. ಅಂಗಡಿಯಲ್ಲೇ ಬ್ಯಾಗಿಗೆ ಏನಾದರೂ ತುಂಬಿ, ಮೂಲೆಯ ತಿರುವಿನಲ್ಲಿ ರನ್ನರ್ ಎಳೆದು ನೋಡಿ. ಖಾಲಿ ಬ್ಯಾಗಿನಲ್ಲಿ ಎಲ್ಲ ಚೈನೂ ಬೆಣ್ಣೆಯಂತೆ ಓಡುತ್ತದೆ. ಮೂರನೆಯದು, ಸಿನಿಮಾ ಬ್ಯಾಗಿನ ಸ್ವಂತ ರೋಗ: ಮುಂದೆ ಉಬ್ಬಿ ಬರುವ ಮುಖ. ಫೋಮ್ ಹಾಳೆಯನ್ನು ಬಿಸಿಯಲ್ಲಿ ಅಚ್ಚೊತ್ತಿ, ಮೇಲೆ ಪ್ರಿಂಟ್ ಅಂಟಿಸಿ ಇದನ್ನು ಮಾಡುತ್ತಾರೆ. ಮಕ್ಕಳಿಗೆ ಇದೇ ಬೇಕು, ಅಂಗಡಿಯವರಿಗೂ ಇದನ್ನೇ ದಾಟಿಸುವ ಆಸೆ. ಬಳ್ಳಾರಿ ಬಿಸಿಲಿನಲ್ಲಿ ಆಟೋದ ಹಿಂದೆಯೋ ಬೈಕಿನ ಟ್ಯಾಂಕ್ ಮೇಲೆಯೋ ದಿನಾ ಕೂತರೆ ಅಂಟು ಮೆತ್ತಗಾಗಿ ಮೂಗು, ಕಿವಿಯ ಅಂಚು ಮೊದಲು ಏಳುತ್ತದೆ. ಒಮ್ಮೆ ಮಡಚಿದ ಗೆರೆ ಹೋಗುವುದೇ ಇಲ್ಲ, ಅಲ್ಲೇ ಸೀಳುತ್ತದೆ. ಮೇಲಾಗಿ ಅದರ ತೂಕ. ರಾಜ್ಯ ಸರ್ಕಾರದ 2019ರ ಆದೇಶದಂತೆ ಒಂದು ಮತ್ತು ಎರಡನೇ ತರಗತಿ ಮಗುವಿನ ಹೊರೆ ಒಟ್ಟು ಒಂದೂವರೆಯಿಂದ ಎರಡು ಕಿಲೋ. ಬ್ಯಾಗೇ ಮುಕ್ಕಾಲು ಕಿಲೋ ತೂಗಿದರೆ ಪುಸ್ತಕಕ್ಕೆ ಉಳಿಯುವುದೇನು? ಚಕ್ರದ ಟ್ರಾಲಿ ಬ್ಯಾಗಿನ ಮಾತೇ ಬೇಡ, ಮೊದಲ ಮಹಡಿಯ ತರಗತಿಗೆ ಅದನ್ನು ಹೊತ್ತೇ ಹತ್ತಬೇಕು. ಬಟ್ಟೆಯ ಮೇಲೆ ನೇರ ಪ್ರಿಂಟ್ ಹಾಕಿದ, 600 ಡೆನಿಯರ್ (ಎಳೆಯ ದಪ್ಪದ ಅಳತೆ) ಪಾಲಿಯೆಸ್ಟರಿನ, ಖಾಲಿ ಇದ್ದಾಗ ಅರ್ಧ ಕಿಲೋದೊಳಗಿನ ಬ್ಯಾಗು ನಮ್ಮ ಆಯ್ಕೆ. ಕಂಪನಿ ಮಾಲಿನಲ್ಲೂ ಅಂಥದು ಸಿಗುತ್ತದೆ, ಮೇಲಿನ ಕೊಕ್ಕೆಗೆ ತೂಗುಹಾಕಿರುವುದಿಲ್ಲ ಅಷ್ಟೇ. ಕೇಳಬೇಕು.

ಟಿ ಶರ್ಟಿನ ವಿಷಯದಲ್ಲಿ ಬಳ್ಳಾರಿಗೆ ಹೆಮ್ಮೆಯೂ ಉಂಟು, ತೊಂದರೆಯೂ ಉಂಟು. ಜೀನ್ಸ್ ಹೊಲಿಯುವ ಊರು, ಬಟ್ಟೆಯ ಮರ್ಮ ಗೊತ್ತು. ಹಾಗಾಗಿ ಸಿನಿಮಾ ಬಂದ ವಾರದೊಳಗೆ ಪ್ರಿಂಟ್ ಹಾಕಿಕೊಡುವವರು ಸಿಗುತ್ತಾರೆ. ಈಗ ಬಹುಪಾಲು ಡಿಟಿಎಫ್ ಪ್ರಿಂಟ್. ತೆಳ್ಳನೆ ಹಾಳೆಯ ಮೇಲೆ ಬಣ್ಣ, ಅದರ ಮೇಲೆ ಬಿಳಿ ಪದರ ಹೊಡೆದು, ಅಂಟಿನ ಪುಡಿ ಉದುರಿಸಿ, ಬಿಸಿಗೆ ಕರಗಿಸಿ, ಬಟ್ಟೆಯ ಮೇಲಿಟ್ಟು 150ರಿಂದ 160 ಡಿಗ್ರಿಯಲ್ಲಿ ಹತ್ತು-ಹದಿನೈದು ಸೆಕೆಂಡು ಒತ್ತುತ್ತಾರೆ. ಹಾಳೆ ಆರಿದ ಮೇಲೆ ಕಿತ್ತು ಇನ್ನೊಮ್ಮೆ ಒತ್ತಬೇಕು. ಆತುರದಲ್ಲಿ ಬಿಟ್ಟುಹೋಗುವುದು ಈ ಎರಡನೇ ಒತ್ತುವಿಕೆಯೇ. ಬಿಟ್ಟರೆ ಎರಡು-ಮೂರು ಒಗೆತಕ್ಕೆ ಸಿಂಹದ ಕೇಸರದ ಅಂಚು ಸಿಪ್ಪೆ ಏಳುತ್ತದೆ. ಪುಡಿ ಪೂರ್ತಿ ಕರಗದಿದ್ದರೆ ಪ್ರಿಂಟ್ ಮುಟ್ಟಿದಾಗ ಮರಳು ಮರಳಾಗಿರುತ್ತದೆ. ಕೊಳ್ಳುವ ಮುಂಚೆ ಪ್ರಿಂಟನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಹಿಗ್ಗಿಸಿ. ಬಿಳಿ ಗೆರೆ ಕಂಡರೆ ಅಲ್ಲೇ ಇಟ್ಟು ಬನ್ನಿ. ಮೊದಲ ದಿನ ಒಗೆಯಬೇಡಿ. ಆಮೇಲೆ ತಣ್ಣೀರಿನಲ್ಲಿ, ಒಳಮಗ್ಗುಲು ತಿರುಗಿಸಿ ಒಗೆಯಿರಿ. ಪ್ರಿಂಟ್ ಮೇಲೆ ಇಸ್ತ್ರಿ ಓಡಿಸಬಾರದು.

ಮುಟ್ಟಿದರೆ ಪ್ರಿಂಟ್ ಇರುವುದೇ ತಿಳಿಯದಷ್ಟು ನಯವಾದದ್ದು ಸಬ್ಲಿಮೇಶನ್. ಬಣ್ಣ ಎಳೆಯೊಳಗೇ ಇಳಿದಿರುತ್ತದೆ, ಏಳುವ ಮಾತಿಲ್ಲ. ಆದರೆ ಅದು ನಿಲ್ಲುವುದು ಪಾಲಿಯೆಸ್ಟರಿನಲ್ಲಿ ಮಾತ್ರ. ಏಪ್ರಿಲ್‌ನ ಬಳ್ಳಾರಿಯಲ್ಲಿ ಮಗುವಿಗೆ ಪಾಲಿಯೆಸ್ಟರ್ ತೊಡಿಸುವುದು ಶಿಕ್ಷೆ. ದುಡ್ಡಿಗೆ ಬೆಲೆ ಬೇಕೆಂದರೆ ಕಸೂತಿ ಯಂತ್ರದಲ್ಲಿ ಮಾಡಿದ ಪ್ಯಾಚ್ ಹೊಲಿದ ಮಕ್ಕಳ ಜೀನ್ಸ್ ನೋಡಿ. ಪ್ಯಾಂಟು ಮುಗಿದರೂ ಪ್ಯಾಚ್ ಉಳಿಯುತ್ತದೆ, ಬಿಚ್ಚಿ ಇನ್ನೊಂದಕ್ಕೆ ಹೊಲಿಯಬಹುದು. ಹೊಸ ಜೀನ್ಸ್ ನೀಲಿ ಬಿಡುವುದರಿಂದ ಮೊದಲ ಸಲ ಬೇರೆಯಾಗಿ ಒಗೆಯದಿದ್ದರೆ ಬಿಳಿ ದಾರ ಮೋಡದ ಬಣ್ಣಕ್ಕೆ ತಿರುಗುತ್ತದೆ. ಇನ್ನು ಪ್ರಿಂಟ್ ಅಂಗಡಿಯವರಿಗೆ ಒಂದು ಮಾತು: ಸ್ಟುಡಿಯೋದ ಚಿತ್ರ ಇಳಿಸಿಕೊಂಡು ಐವತ್ತು ಟಿ ಶರ್ಟು ಮಾಡಿ ಮಾರುವುದು 1957ರ ಹಕ್ಕುಸ್ವಾಮ್ಯ ಕಾಯ್ದೆಗೆ ವಿರುದ್ಧ. ನರಸಿಂಹ ಯಾರ ಸ್ವತ್ತೂ ಅಲ್ಲ. ಆ ಸಿನಿಮಾದಲ್ಲಿ ಬರೆದ ಮುಖ ಮಾತ್ರ ಸ್ವತ್ತು. ಊರಿನ ಕಲಾವಿದನಿಂದ ಬೇರೆ ನರಸಿಂಹನನ್ನು ಬರೆಸಿದರೆ ಯಾರ ಹಂಗೂ ಇಲ್ಲ, ನಿಜ ಹೇಳಬೇಕೆಂದರೆ ಚಂದವೂ ಇರುತ್ತದೆ.

ಸ್ಟೀಲ್ ಬಾಟಲಿಯಲ್ಲಿ ಚಿತ್ರಕ್ಕಿಂತ ಐಎಸ್‌ಐ ಗುರುತು ಮುಖ್ಯ. ಸಾದಾ ಬಾಟಲಿಗೆ ಐಎಸ್ 17803, ಬಿಸಿ-ತಂಪು ಹಿಡಿಯುವ ಫ್ಲಾಸ್ಕ್ ಬಗೆಗೆ ಐಎಸ್ 17526. ಚಿತ್ರ ಸುತ್ತಿ ಅಂಟಿಸಿದ ಹಾಳೆಯಾಗಿದ್ದರೆ ಉಗುರಿಗೆ ಅಂಚು ಸಿಗುತ್ತದೆ, ಪಾತ್ರೆ ತಿಕ್ಕುವ ನಾರಿಗೆ ಅದು ತಿಂಗಳೂ ಬಾಳದು. ಮುಚ್ಚಳದೊಳಗಿನ ಸಿಲಿಕಾನ್ ಉಂಗುರ ಬಿಚ್ಚಿ ತೊಳೆಯಲು ಬರಬೇಕು, ಇಲ್ಲದಿದ್ದರೆ ಕಪ್ಪು ಬೂಷ್ಟು ಖಚಿತ. ಸ್ಟ್ರಾ ಇರುವ ಬಾಟಲಿ ಮಜ್ಜಿಗೆಗೆ ಬೇಡ. ಟಿಫಿನ್ ಡಬ್ಬಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ: ಹೊರಗೆ ಯಾವ ಮುಖವಾದರೂ ಇರಲಿ, ಒಳಗೆ ಸ್ಟೀಲ್ ಇರಲಿ.

ಗೊಂಬೆಗೆ ಬಂದರೆ ನಾವು ಖಡಾಖಂಡಿತ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಸಾಮಾನ್ಯ ಆಟಿಕೆಗೆ ಐಎಸ್ 9873, ಬ್ಯಾಟರಿ ಅಥವಾ ಕರೆಂಟಿನದಕ್ಕೆ ಐಎಸ್ 15644. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ನಂಬರ್ ಇರುತ್ತದೆ. ಐಎಸ್‌ಐ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು, ಪರವಾನಗಿ ಚಾಲ್ತಿಯಲ್ಲಿದೆಯೋ ಇಲ್ಲವೋ ಎರಡೂ ಬರುತ್ತವೆ. ಕೌಂಟರಿನಲ್ಲೇ ಒಂದು ನಿಮಿಷದ ಕೆಲಸ. ಪುಟ್‌ಪಾತಿನಲ್ಲಿ, ಜಾತ್ರೆಯಲ್ಲಿ ಮಿಣಿಮಿಣಿ ದೀಪ ಹಾಕಿ ಕೂಗುವ ಕಾರ್ಟೂನ್ ಗದೆ, ಕತ್ತಿ, ಉಂಗುರಗಳಲ್ಲಿ ಈ ಗುರುತು ಇರುವುದು ಅಪರೂಪ. ಅವುಗಳೊಳಗೆ ಇರುವುದು ಗುಂಡಿಯಂಥ ಬ್ಯಾಟರಿ. ಅದರ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ, ಬರೀ ಉಗುರಿನಿಂದ ತೆಗೆಯಲು ಬಂದರೆ, ಇಪ್ಪತ್ತು ರೂಪಾಯಿಗೂ ಕೊಳ್ಳಬೇಡಿ. ನುಂಗಿದ ಬ್ಯಾಟರಿ ಅನ್ನನಾಳವನ್ನು ಎರಡು ಗಂಟೆಯೊಳಗೆ ಸುಡಬಲ್ಲದು. ಪಕ್ಕದಲ್ಲೇ ಮಾರುವ ಮಿನಿಯನ್ ಮೆತ್ತೆ ಗೊಂಬೆ ಅಷ್ಟು ಅಪಾಯದ್ದಲ್ಲ. ಕಣ್ಣು ಅಂಟಿಸಿದ್ದೋ ಕಸೂತಿ ಹಾಕಿದ್ದೋ ನೋಡಿ. ಮೂರು ವರ್ಷದೊಳಗಿನ ಮಗುವಿಗೆ ಕಸೂತಿಯದೇ ಆಗಬೇಕು.

ದೀಪವೂ ಬ್ಯಾಟರಿಯೂ ಇಲ್ಲದ ಆಟಿಕೆಗೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಚೌಕಾಸಿ ಮಾಡುವಾಗ ಬಿಲ್ಲು ಕೇಳಿ, ಇಳಿದ ತೆರಿಗೆ ನಿಮಗೆ ತಲುಪಿದೆಯೋ ಸಾಹುಕಾರರ ಗಲ್ಲಾಪೆಟ್ಟಿಗೆ ಸೇರಿದೆಯೋ ತಿಳಿಯುತ್ತದೆ.

ನರಸಿಂಹನನ್ನು ನೋಡಿ ಬಂದು ಗೊಂಬೆ ಬೇಕೆಂದು ಹಟ ಹಿಡಿದ ಮಕ್ಕಳಿಗೆ ನಿಜವಾಗಿ ಒಪ್ಪುವ ಸಾಮಾನು ಇರುವುದು ಬಳ್ಳಾರಿ ಬಜಾರಿನಲ್ಲಿ ಅಲ್ಲ, ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ. ಅಲ್ಲಿನ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಅಂಗಾಂಗ ಕೂಡಿಸಿ, ಅದೇ ಅಂಟಿಗೆ ಸೆಣಬಿನ ಚಿಂದಿಯ ಪುಡಿ, ಮರದ ಪುಡಿ ಕಲಸಿದ ಕಿಟ್ಟ ಮೆತ್ತಿ, ಬಿಳಿ ಬಳಿದು, ಬಣ್ಣ ಹಚ್ಚುತ್ತಾರೆ. ಹನ್ನೆರಡು ಬಿಡಿಭಾಗ ಕೂಡಿಸಿ ನಿಲ್ಲಿಸುವ ಅವರ ಗರುಡ ಯಾವ ಪ್ಲಾಸ್ಟಿಕ್ ಸೂಪರ್‌ಹೀರೋಗೂ ಕಡಿಮೆಯಲ್ಲ. ಕಿನ್ನಾಳ ಗೊಂಬೆಗೆ ಭೌಗೋಳಿಕ ಸೂಚಕದ (ಜಿಐ) ನೋಂದಣಿ ಇರುವುದರಿಂದ ಐಎಸ್‌ಐ ಕಡ್ಡಾಯದಿಂದ ವಿನಾಯಿತಿಯೂ ಇದೆ, ಗುರುತು ಕಾಣಲಿಲ್ಲವೆಂದು ಅನುಮಾನ ಬೇಡ. ಆದರೆ ಇದು ಎಸೆದು ಆಡುವ ಗೊಂಬೆಯಲ್ಲ. ಬಿದ್ದರೆ ಬೆರಳು, ಕಿರೀಟದ ತುದಿ ಮೊದಲು ಮುರಿಯುತ್ತವೆ. ನೀರು ತಾಗಿದರೆ ಹುಣಸೆ ಅಂಟು ಬಿಡುತ್ತದೆ, ಒಣ ಬಟ್ಟೆಯಲ್ಲಿ ಮಾತ್ರ ಒರೆಸಿ. ಐದು ವರ್ಷ ದಾಟಿದ ಮಕ್ಕಳ ಕೈಗೆ ಕೊಡಿ, ಚಿಕ್ಕವರಿಗೆ ಕಪಾಟಿನಲ್ಲಿಟ್ಟು ತೋರಿಸಿ.

ಹೊಂಬಾಳೆಯವರು ಈ ಸರಣಿಯಲ್ಲಿ ಪರಶುರಾಮನನ್ನು 2027ಕ್ಕೆ, ಉಳಿದ ಅವತಾರಗಳನ್ನು ಎರಡೆರಡು ವರ್ಷಕ್ಕೊಂದರಂತೆ 2037ರವರೆಗೆ ತರುವುದಾಗಿ ಮೊದಲೇ ಘೋಷಿಸಿದ್ದಾರೆ. ನರಸಿಂಹನ ಸಲ ಸಿಗದ ಕಾಲಾವಕಾಶ ಹೀಗೆ ಕೈಯಲ್ಲಿರುವಾಗ, ಬ್ಯಾಗು ಮಾಡುವವರಿಗೂ ಪ್ಯಾಚ್ ಹೊಲಿಯುವ ಬಳ್ಳಾರಿಯ ಜೀನ್ಸ್ ಘಟಕಗಳಿಗೂ ಪರವಾನಗಿ ಕೇಳಲು ನೆಪ ಉಳಿದಿಲ್ಲ. ಕಿನ್ನಾಳದವರಿಗೆ ಅದೂ ಬೇಡ, ಕೊಡಲಿ ಹಿಡಿದ ರಾಮನನ್ನು ತಮ್ಮದೇ ಶೈಲಿಯಲ್ಲಿ ಕೆತ್ತಿದರಾಯಿತು. ದಸರೆಗೆ ಗೊಂಬೆ ಬೇಕಾದವರು ಶ್ರಾವಣದಲ್ಲೇ ಹೇಳಿಡಬೇಕು. ಕೆತ್ತನೆಗಿಂತ ಒಂದೊಂದು ಪದರವೂ ಒಣಗುವುದಕ್ಕೇ ಹೆಚ್ಚು ದಿನ ಹಿಡಿಯುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು.